ಫೋಟೋ ನೋಡಿ ಸ್ಲೀಪ್ ಆಪ್ನಿಯಾ ಇದೆ ಅಂತ ಹೇಳೋಕಾಗತ್ತಾ?

ಪ್ರಶ್ನೆ: ನಮ್ಮನೆಯವ್ರು ಸಣ್ಣಗೇ ಇದಾರೆ, ಆದ್ರೆ ಗೊರಕೆ ಪಕ್ಕದ ರೂಮಿಗೂ ಕೇಳತ್ತೆ. ಮುಖದ ಫೋಟೋ ಅಳತೆ ಮಾಡಿ ಸ್ಲೀಪ್ ಆಪ್ನಿಯಾ ಕಂಡುಹಿಡೀತಾರಂತೆ, ನಿಜಾನಾ? ಮೊಬೈಲಲ್ಲಿ ತೆಗೆದು ಕಳಿಸಿದ್ರೆ ಸಾಕಾ?

ಉತ್ತರ: ನಿಜಾನೇ, ಆದ್ರೆ ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಆಗಾಗ ಉಸಿರು ನಿಂತೋಗೋ ಕಾಯಿಲೆ, ಅದ್ರ ಬಗ್ಗೆ ಫೋಟೋದಿಂದ ಗೊತ್ತಾಗೋದು ರಿಸ್ಕ್ ಎಷ್ಟಿದೆ ಅಂತ ಅಷ್ಟೇ, ಕಾಯಿಲೆ ಇದೆಯೋ ಇಲ್ವೋ ಅಂತ ಖಾತ್ರಿ ಆಗ್ಬೇಕಂದ್ರೆ ಸ್ಲೀಪ್ ಸ್ಟಡಿನೇ (ನಿದ್ದೆ ಮಾಡೋವಾಗ ಉಸಿರಾಟ ಅಳೆಯೋ ಟೆಸ್ಟ್) ಮಾಡಿಸ್ಬೇಕು.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯು ಸಡಿಲ ಆಗಿ ನಾಲಿಗೆ ಹಿಂದಕ್ಕೆ ಜಾರತ್ತೆ, ಕೆಳದವಡೆ ಚಿಕ್ಕದಿದ್ರೆ ಅಥವಾ ಹಿಂದೆ ಸರಿದಿದ್ರೆ ನಾಲಿಗೆಗೆ ಮೊದ್ಲೇ ಜಾಗ ಕಮ್ಮಿ, ಹಂಗಾಗಿ ಉಸಿರಿನ ದಾರಿ ಬೇಗ ಮುಚ್ಕೊಂಡು 10 ಸೆಕೆಂಡೋ ಅದಕ್ಕಿಂತ ಜಾಸ್ತಿನೋ ಉಸಿರು ನಿಂತೋಗತ್ತೆ. ಕುತ್ತಿಗೆ ಸುತ್ತ ಕೊಬ್ಬು ಇದ್ರೂ ಹಿಂಗೇ. ಇದು ದಪ್ಪ ಇರೋರಿಗೆ ಮಾತ್ರ ಬರೋ ಕಾಯಿಲೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ತಪ್ಪು, ಮತ್ತೆ ಆ ತಪ್ಪಿಂದಾನೇ ಸಣ್ಣಗಿರೋರು ವರ್ಷಗಟ್ಲೆ ಟೆಸ್ಟೇ ಮಾಡಿಸ್ದೆ ಉಳಿದುಬಿಡ್ತಾರೆ.

ಈ ಫೋಟೋ ಅಳತೆ ಮೇಲೆ ಹೆಸರುವಾಸಿಯಾದ ಕೆಲಸ ಆಗಿದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, 2009ರಲ್ಲಿ ಪ್ರಕಟ ಆಯ್ತು. ಸ್ಲೀಪ್ ಸ್ಟಡಿಗೆ ಅಂತ ಬಂದಿದ್ದ 180 ಜನರದ್ದು ಎದುರಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದ್ರು. ಸುಮ್ನೆ ಕ್ಲಿಕ್ ಮಾಡಿದ್ದಲ್ಲ, ದವಡೆ ಮೂಳೆ ಎಲ್ಲಿ ತಿರುಗತ್ತೆ ಅಂತ ಬೆರಳಲ್ಲಿ ಒತ್ತಿ ನೋಡಿ ಅಲ್ಲಿ ಗುರುತು ಹಾಕಿ, ಆಮೇಲೆ ಫೋಟೋದಲ್ಲಿ ಮುಖದ ಅಗಲ, ಕೆಳದವಡೆ ಉದ್ದ, ಗದ್ದದ ಅಡಿಯಿಂದ ಕುತ್ತಿಗೆಗೆ ಇಳಿಯೋ ಕಡೆ ಇರೋ ಕೋನ, ಇಂಥದ್ದೆಲ್ಲ ಲೆಕ್ಕ ಹಾಕಿದ್ರು. ಆ ಕೋನ ಎಷ್ಟು ಅಗಲವಾಗಿ ತೆರ್ಕೊಂಡಿದೆಯೋ, ಅಂದ್ರೆ ಗದ್ದ ಕುತ್ತಿಗೆ ಒಂದೇ ಇಳಿಜಾರಿನ ಥರ ಕಂಡ್ರೆ, ರಿಸ್ಕ್ ಅಷ್ಟು ಜಾಸ್ತಿ. ಬರೀ ಫೋಟೋ ಅಳತೆಯಿಂದ ನೂರರಲ್ಲಿ ಸುಮಾರು 76 ಜನರ ವಿಷ್ಯದಲ್ಲಿ ಊಹೆ ಸರಿ ಬಂತು. ರಕ್ತ, ಸೂಜಿ, ಎಕ್ಸ್‌ರೇ ಯಾವ್ದೂ ಇಲ್ದೆ ಇಷ್ಟು ಗೊತ್ತಾಗೋದು ದೊಡ್ಡ ವಿಷ್ಯಾನೇ, ಆದ್ರೆ ನಾಲ್ಕರಲ್ಲಿ ಒಬ್ರ ಲೆಕ್ಕ ತಪ್ತು ಅನ್ನೋದೂ ನೆನಪಿರ್ಲಿ.

ಮೊಬೈಲ್ ಸೆಲ್ಫಿ ಮಾತ್ರ ಬೇಡ. ಹತ್ರದಿಂದ ತೆಗೆದ್ರೆ ಮೂಗು ದೊಡ್ಡದಾಗಿ ಕೆನ್ನೆ ಕಿವಿ ಹಿಂದೆ ಸರಿದಂಗೆ ಕಾಣತ್ತೆ, ತಲೆ ಒಂಚೂರು ಎತ್ತಿದ್ರೆ ಸಾಕು, ಕುತ್ತಿಗೆ ಕೋನಾನೇ ಬದಲಾಗೋಗತ್ತೆ.

ನಿಮ್ಮನೆಯವ್ರ ವಿಷ್ಯಕ್ಕೆ ಬಂದ್ರೆ, ರಾತ್ರಿ ಗೊರಕೆ ಮಧ್ಯೆ ಸದ್ದು ನಿಂತು ಆಮೇಲೆ ಉಸಿರುಕಟ್ಟಿದಂಗೆ ಎಳ್ಕೊಳ್ತಾರಾ ನೋಡಿ, ಹಂಗಿದ್ರೆ ಮುಖದ ಫೋಟೋ ಬದ್ಲು ಅದನ್ನೇ ವಿಡಿಯೋ ಮಾಡ್ಕೊಂಡು ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರಿಗೆ ತೋರ್ಸಿ. ಹಗಲಲ್ಲಿ ತೂಕಡಿಸ್ತಾರಾ, ಬಿಪಿ ಇದೆಯಾ, ಗಾಡಿ ಓಡಿಸ್ತಾರಾ ಅನ್ನೋದೂ ಹೇಳಿ. ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲತ್ತೆ ಅಥವಾ ಕಮ್ಮಿ ಆಗತ್ತೆ ಅಂತ ಎಣಿಸ್ತಾರೆ, 5ಕ್ಕಿಂತ ಕಮ್ಮಿ ಇದ್ರೆ ನಾರ್ಮಲ್, 30 ದಾಟಿದ್ರೆ ತೀವ್ರ. ಮನೇಲೇ ಮಾಡೋ ಟೆಸ್ಟ್ ಕಿಟ್ಟೂ ಸಿಗತ್ತೆ, ಅದು ಅವ್ರಿಗೆ ಆಗತ್ತಾ ಅಂತ ಡಾಕ್ಟರನ್ನೇ ಕೇಳಿ.