ರೋಗಿಯ ಮಾತಿಗೂ ಅಳತೆಗೋಲು ಉಂಟು

ಮೊಣಕಾಲಿನ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳ ನಡುವಿನ ಸಂದು ಕಾಣುತ್ತದೆ, ಅಂಚಿನಲ್ಲಿ ಬೆಳೆದ ಮುಳ್ಳು ಕಾಣುತ್ತದೆ. ನೋವು ಕಾಣುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನಮ್ಮ ಜನಕ್ಕೆ ಯಾಕೋ ಬಹಳ ಕಷ್ಟ. ಮಂಡ್ಯದ ಕಡೆಯಿಂದ ಮೈಸೂರಿನ ಆಸ್ಪತ್ರೆಗಳಿಗೆ ತೋರಿಸಿಕೊಳ್ಳಲು ಬರುವವರನ್ನು ನೋಡಿ: ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ವರ್ಷಗಟ್ಟಲೆಯ ರಿಪೋರ್ಟುಗಳು. ಡಾಕ್ಟರು ‘ಏನಮ್ಮ ತೊಂದರೆ?’ ಎಂದರೆ ಬಾಯಿಗಿಂತ ಮೊದಲು ಚೀಲ ಮುಂದಾಗುತ್ತದೆ. ರಿಪೋರ್ಟಿನಲ್ಲಿರುವುದು ವಿಜ್ಞಾನ, ತಾನು ಹೇಳುವುದು ಬರೀ ಗೋಳು ಎಂಬ ಈ ಭಾವನೆಯನ್ನು ನಾನಂತೂ ಮೂಢನಂಬಿಕೆಗಳ ಪಟ್ಟಿಗೇ ಸೇರಿಸುತ್ತೇನೆ.

ಕೀಲಿನ ಸವೆತಕ್ಕೆ ಎಕ್ಸ್‌ರೇ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುವ ಪದ್ಧತಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದರು. ಇಂದಿಗೂ ಅದೇ ಬಳಕೆಯಲ್ಲಿದೆ. ಆದರೆ ಮೂರನೇ ದರ್ಜೆಯ ಸವೆತವಿದ್ದೂ ಗದ್ದೆಗಿಳಿದು ನಾಟಿ ಹಾಕುವವರಿದ್ದಾರೆ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲದೆಯೂ ಪೂಜೆಗೆ ನೆಲದ ಮೇಲೆ ಕೂರಲಾಗದವರಿದ್ದಾರೆ. ಕಿವಿಯದೂ ಇದೇ ಕತೆ. ಮೈಸೂರಿನಲ್ಲಿ 1965ರಷ್ಟು ಹಿಂದೆಯೇ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ಈ ಊರಿನವರಿಗೆ ಶ್ರವಣ ಪರೀಕ್ಷೆ ಹೊಸದಲ್ಲ. ಪರೀಕ್ಷೆಯ ಡೆಸಿಬೆಲ್ ನಕ್ಷೆ ಇಬ್ಬರಲ್ಲೂ ಒಂದೇ ಇರಬಹುದು. ಮಾರುಕಟ್ಟೆಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತನಾಡಬೇಕಾದ ವ್ಯಾಪಾರಿಗೆ ಅದು ಬದುಕಿನ ಪ್ರಶ್ನೆ. ತೋಟದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅದು ಅಷ್ಟೇನೂ ಕಾಡದಿರಬಹುದು. 1982ರಲ್ಲಿ ವೆಂಟ್ರಿ ಮತ್ತು ವೈನ್‌ಸ್ಟೈನ್ ವಯಸ್ಸಾದವರಿಗಾಗಿ 25 ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದ್ದು ಈ ವ್ಯತ್ಯಾಸವನ್ನು ಹಿಡಿಯುವುದಕ್ಕೇ. ಕಿವಿ ಎಷ್ಟು ಕೇಳಿಸುತ್ತದೆ ಎಂಬುದು ಅದರ ವಿಷಯವಲ್ಲ. ಕೇಳಿಸದ್ದರಿಂದ ನೆಂಟರ ಮನೆಗೆ ಹೋಗುವುದನ್ನು ಬಿಟ್ಟಿರೋ, ಮನೆಯವರ ಜೊತೆ ಜಗಳವಾಗುತ್ತದೆಯೋ, ಇಂಥವು ಅದರ ವಿಷಯ.

ರೋಗಿಯೇ ವರದಿ ಮಾಡುವ ಇಂಥ ಫಲಿತಾಂಶಗಳನ್ನು ಅಳೆಯುವುದು ಇಂದು ವೈದ್ಯವಿಜ್ಞಾನದ ದೊಡ್ಡದೊಂದು ಶಾಖೆ. ಅದರ ಬೇರು ಹುಡುಕುತ್ತಾ ಹೋದರೆ ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್ ಎಂಬ ಹಟಮಾರಿ ಶಸ್ತ್ರವೈದ್ಯ ಸಿಗುತ್ತಾನೆ. ಆಸ್ಪತ್ರೆಯಿಂದ ಮನೆಗೆ ಹೋದ ಪ್ರತಿಯೊಬ್ಬ ರೋಗಿಯನ್ನೂ ಒಂದು ವರ್ಷದ ನಂತರ ಮತ್ತೆ ವಿಚಾರಿಸಬೇಕು, ಚಿಕಿತ್ಸೆ ಫಲಿಸದಿದ್ದರೆ ಯಾಕೆಂದು ಬರೆದಿಡಬೇಕು ಎಂಬುದು ಅವನ ವಾದ. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. 1914ರಲ್ಲಿ ಅವನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆ ಬಿಟ್ಟ. ಮರುವರ್ಷ ವೈದ್ಯರ ಸಭೆಯೊಂದರಲ್ಲಿ ಅವರನ್ನೆಲ್ಲ ಗೇಲಿ ಮಾಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರ ತೋರಿಸಿ ಉಳಿದ ಸ್ನೇಹಗಳನ್ನೂ ಕಳೆದುಕೊಂಡ. ತನ್ನದೇ ಪುಟ್ಟ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕವನ್ನು, ಅದರಲ್ಲಾದ 123 ತಪ್ಪುಗಳ ಸಮೇತ, ಅಚ್ಚು ಹಾಕಿಸಿದ. ಹಾಗೆ ಮಾಡುವವರು ಈಗಲೂ ವಿರಳ.

1940ರ ದಶಕದ ಕೊನೆಯಲ್ಲಿ ಕಾರ್ನಾಫ್‌ಸ್ಕಿ ಎಂಬ ಅಮೆರಿಕದ ವೈದ್ಯ ಕ್ಯಾನ್ಸರ್ ರೋಗಿಗಳಿಗೆ ಸೊನ್ನೆಯಿಂದ ನೂರರವರೆಗಿನ ಅಂಕಪಟ್ಟಿ ತಂದ. ರೋಗಿ ದಿನನಿತ್ಯದ ಕೆಲಸ ಮಾಡಿಕೊಳ್ಳಬಲ್ಲನೇ ಎಂದು ಕೇಳಿದ್ದು ದೊಡ್ಡ ಹೆಜ್ಜೆಯೇ ಸರಿ, ಆದರೆ ಅಂಕ ಕೊಡುವವರು ವೈದ್ಯರು. ರೋಗಿಯ ಕೈಗೇ ಪೆನ್ನು ಬರಲು ಇನ್ನಷ್ಟು ದಶಕಗಳು ಬೇಕಾದವು. ಎಂಟು ಬಗೆಯ ಸ್ಥಿತಿಗತಿಗಳನ್ನು 36 ಪ್ರಶ್ನೆಗಳಲ್ಲಿ ಕೇಳುವ ಎಸ್‌ಎಫ್-36 ಬಂದದ್ದು 1992ರಲ್ಲಿ.

ಇಲ್ಲಿ ಜಾಣರೊಬ್ಬರು ಕೈ ಎತ್ತುತ್ತಾರೆ: ಅನಿಸಿಕೆಗಳನ್ನು ಕೂಡಿಸಿ ಅಂಕ ಬರೆದ ಮಾತ್ರಕ್ಕೆ ಅದು ಅಳತೆಯಾಗುತ್ತದೆಯೇ? ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟವನು ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್, 1960ರಲ್ಲಿ. ಅವನ ಕೈಲಿದ್ದದ್ದು ಶಾಲಾಮಕ್ಕಳ ಓದಿನ ಪರೀಕ್ಷೆಗಳು; ರೋಗಿಗಳ ಗೊಡವೆಯೇ ಇರಲಿಲ್ಲ. ಆದರೂ ಈ ಶಾಸ್ತ್ರದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಅವನ ಯೋಚನೆಯೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಐದು ಕೆಲಸಗಳನ್ನು ತೆಗೆದುಕೊಳ್ಳಿ. ಹಾಸಿಗೆಯಿಂದ ಏಳುವುದು. ಬಚ್ಚಲಿಗೆ ಹೋಗಿ ಬರುವುದು. ಬೀದಿಯ ಕೊನೆಯ ಅಂಗಡಿಯಿಂದ ಹಾಲು ತರುವುದು. ಚಕ್ಕಳಮಕ್ಕಳ ಹಾಕಿ ಕುಳಿತು ಕೈಯೂರದೆ ಏಳುವುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು. ಇವು ಕಠಿಣತೆಯ ಕ್ರಮದಲ್ಲಿವೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ನೂರಾರು ಜನರನ್ನು ಕೇಳಿ ನೋಡಿದರೆ ಬಂದ ಉತ್ತರಗಳೇ ಈ ಕ್ರಮವನ್ನು ತೋರಿಸುತ್ತವೆ. ಎರಡು ಕೆಲಸಗಳ ನಡುವಿನ ಅಂತರ ಎಷ್ಟೆಂಬುದನ್ನೂ ತೋರಿಸುತ್ತವೆ. ರಾಶ್ ಮಾಡಿದ್ದು ಕೆಲಸದ ಕಠಿಣತೆಯನ್ನೂ ಮನುಷ್ಯನ ಸಾಮರ್ಥ್ಯವನ್ನೂ ಒಂದೇ ಕೋಲಿನ ಮೇಲೆ ಗುರುತಿಸಿದ್ದು. ಎರಡೂ ಒಂದೇ ಬಿಂದುವಿನಲ್ಲಿದ್ದರೆ ಅವರು ‘ಆಗುತ್ತದೆ’ ಎನ್ನುವ ಸಂಭವ ಸರಿಯಾಗಿ ಅರ್ಧ. ಸಾಮರ್ಥ್ಯ ಒಂದು ಮಾನ ಮೇಲಿದ್ದರೆ ನೂರಕ್ಕೆ ಸುಮಾರು 73, ಎರಡು ಮಾನ ಮೇಲಿದ್ದರೆ ಸುಮಾರು 88. ಸಂಭವವನ್ನು ನಿರ್ಧರಿಸುವುದು ಇವೆರಡರ ನಡುವಿನ ಅಂತರ ಮಾತ್ರ, ಬೇರೇನೂ ಇಲ್ಲ. ಹಾಗಾಗಿ ಯಾವ ಐದು ಪ್ರಶ್ನೆ ಕೇಳಿದೆವು ಎಂಬುದು ಮುಖ್ಯವಾಗುವುದಿಲ್ಲ. ಬೇರೆ ಐದು ಕೇಳಿದರೂ ಆ ಮನುಷ್ಯ ಕೋಲಿನ ಮೇಲೆ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಾನೆ.

ಇದರಿಂದ ಬರುವ ಲಾಭ ನೋಡಿ. ಕಣ್ಣಿನ ಡಾಕ್ಟರು ಅಕ್ಷರಫಲಕದ ಕೆಳಗಿನ ಸಾಲನ್ನು ಸಲೀಸಾಗಿ ಓದಿದವರಿಗೆ ಮೇಲಿನ ದಪ್ಪಕ್ಷರಗಳನ್ನು ಓದಿಸುತ್ತಾ ಕೂರುವುದಿಲ್ಲ. ಹಾಗೆಯೇ ಹಾಲು ತರುತ್ತೇನೆ ಎಂದವರನ್ನು ಹಾಸಿಗೆಯಿಂದ ಏಳುತ್ತೀರಾ ಎಂದು ಕೇಳಬೇಕಿಲ್ಲ. ಒಂದೊಂದು ಉತ್ತರ ಬಂದಂತೆ ಮುಂದಿನ ಪ್ರಶ್ನೆಯನ್ನು ಕಂಪ್ಯೂಟರ್ ಆರಿಸುತ್ತದೆ, ನಾಲ್ಕೈದು ಪ್ರಶ್ನೆಗಳಲ್ಲೇ ಅಳತೆ ಮುಗಿಯಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ರೋಗಿಗಳ ಹೇಳಿಕೆಗಳನ್ನು ಅಳೆಯಲೆಂದು 2004ರಲ್ಲಿ ಶುರು ಮಾಡಿದ ಪ್ರಾಮಿಸ್ ಎಂಬ ಯೋಜನೆ ನಡೆಯುವುದು ರಾಶನ ಈ ಯೋಚನೆಯ ಬಳಗಕ್ಕೆ ಸೇರಿದ ಸೂತ್ರಗಳಿಂದಲೇ. ಅಲ್ಲಿ ಸರಾಸರಿ ಮನುಷ್ಯನ ಅಂಕ 50.

ಇನ್ನೂ ಸೊಗಸಾದದ್ದು, ಹೊಂದದ ಉತ್ತರಗಳು ತಾವಾಗಿಯೇ ಸಿಕ್ಕಿಬೀಳುವುದು. ಆಷಾಢ ಶುಕ್ರವಾರ ಹರಕೆ ಹೊತ್ತು ಬೆಟ್ಟ ಹತ್ತಿದ ತಾಯಿಯೊಬ್ಬರು, ಆಮೇಲೆ ವಾರವಿಡೀ ಬಚ್ಚಲಿಗೂ ಗೋಡೆ ಹಿಡಿದು ನಡೆಯುತ್ತಾರೆ ಎನ್ನಿ. ಮೆಟ್ಟಿಲು ಹತ್ತುತ್ತೀರಾ ಎಂದರೆ ಹೌದು ಎನ್ನುತ್ತಾರೆ, ಸುಳ್ಳೇನಲ್ಲ. ಹಾಲಿನಂಗಡಿಗೆ ಹೋಗುತ್ತೀರಾ ಎಂದರೆ ಇಲ್ಲ. ಇಂಥ ಉತ್ತರಗಳು ಹೆಚ್ಚಾದಾಗ ಲೆಕ್ಕ ಎಚ್ಚರಿಸುತ್ತದೆ: ಆ ಪ್ರಶ್ನೆ ಮೊಣಕಾಲಿನ ಜೊತೆಗೆ ಭಕ್ತಿಯನ್ನೂ ಅಳೆಯುತ್ತಿದೆ, ಅದನ್ನು ಪಟ್ಟಿಯಿಂದ ತೆಗೆಯಿರಿ.

ಪ್ರಶ್ನೆ ಊರಿಗೆ ಒಗ್ಗಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಎಸ್‌ಎಫ್-36ರ ಮೂಲ ಪಟ್ಟಿಯಲ್ಲಿ ಮಧ್ಯಮ ಶ್ರಮದ ಕೆಲಸಗಳಿಗೆ ಕೊಟ್ಟ ಉದಾಹರಣೆಗಳು ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಆಟ ಮತ್ತು ಗಾಲ್ಫ್. ಮೈಸೂರಿನ ರೇಸ್‌ಕೋರ್ಸ್ ಬಳಿ ಗಾಲ್ಫ್ ಆಡುವವರೇನೋ ಇದ್ದಾರೆ. ಪಾಂಡವಪುರದ ಕಬ್ಬಿನ ಗದ್ದೆಯವರನ್ನು ಇದನ್ನು ಕೇಳಿದರೆ ನಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಬದುಕಿನ ಗುಣಮಟ್ಟದ ಪಟ್ಟಿ ಮಾಡುವಾಗ ಈ ತಪ್ಪಿಗೆ ಬೀಳಲಿಲ್ಲ. 1990ರ ದಶಕದಲ್ಲಿ ಜಗತ್ತಿನ 15 ಕೇಂದ್ರಗಳಲ್ಲಿ ಏಕಕಾಲಕ್ಕೆ ಜನರನ್ನು ಕೂರಿಸಿ ಪ್ರಶ್ನೆಗಳನ್ನು ಕಟ್ಟಿಸಿತು. ದೆಹಲಿ, ಮದ್ರಾಸುಗಳೂ ಅದರಲ್ಲಿದ್ದವು. 100 ಪ್ರಶ್ನೆಗಳ ಆ ಪಟ್ಟಿಯ 26 ಪ್ರಶ್ನೆಗಳ ಸಂಕ್ಷಿಪ್ತ ರೂಪವೇ ಇಂದು ಹೆಚ್ಚು ಬಳಕೆಯಲ್ಲಿದೆ.

ಇಷ್ಟಾದರೂ ಅಮರ್ತ್ಯ ಸೇನ್ ಎತ್ತಿದ ತಕರಾರು ಉಳಿದೇ ಇದೆ, ಅದು ಸಣ್ಣದಲ್ಲ. ಬಂಗಾಳದ ಮಹಾಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಸಮೀಪದ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಹೆಂಡತಿ ತೀರಿಕೊಂಡ ಗಂಡಸರಲ್ಲಿ 48.5 ಶೇಕಡಾ ಮಂದಿ ತಮ್ಮ ಆರೋಗ್ಯ ಸರಿಯಿಲ್ಲ ಅಥವಾ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆಂದವರು ಬರೀ 2.5 ಶೇಕಡಾ. ವಿಧವೆಯರ ಆರೋಗ್ಯ ಅಷ್ಟು ಚೆನ್ನಾಗಿತ್ತೆಂದು ಯಾರು ನಂಬುತ್ತಾರೆ? ಹೇಳಿಕೊಳ್ಳುವ ಹಕ್ಕೇ ತಮಗಿಲ್ಲ ಎಂದುಕೊಂಡಿದ್ದರು, ಅಷ್ಟೆ. 2002ರಲ್ಲಿ ಸೇನ್ ಮತ್ತೆ ಬರೆದರು: ದೇಶದಲ್ಲೇ ಹೆಚ್ಚು ಆಯುಸ್ಸಿನ ಕೇರಳದವರು ತಮಗೆ ಕಾಯಿಲೆಯೆಂದು ಹೆಚ್ಚು ಹೇಳುತ್ತಾರೆ, ಬಿಹಾರದವರು ಕಡಿಮೆ ಹೇಳುತ್ತಾರೆ. ನಮ್ಮಲ್ಲೂ ಅಜ್ಜಿಯನ್ನು ಹೇಗಿದ್ದೀರಿ ಎಂದರೆ ‘ಏನೋ ಇದ್ದೇನಪ್ಪ, ದೇವರು ನಡೆಸಿದ ಹಾಗೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ಮಗ ಅವರ ಪರವಾಗಿ ಎಲ್ಲವನ್ನೂ ಹೇಳಿ ಮುಗಿಸುತ್ತಾನೆ. ನಡಿಗೆ, ಊಟದ ವಿಷಯದಲ್ಲಿ ಮನೆಯವರ ಹೇಳಿಕೆ ರೋಗಿಯ ಹೇಳಿಕೆಗೆ ಸಾಕಷ್ಟು ಹತ್ತಿರ ಬರುತ್ತದೆ. ನೋವು, ದುಗುಡದ ವಿಷಯದಲ್ಲಿ ದೂರ ಸರಿಯುತ್ತದೆ.

ಇದಕ್ಕೊಂದು ಉಪಾಯವಿದೆ, ಪೂರ್ತಿ ಪರಿಹಾರವಲ್ಲ. ಮೊದಲು ಕಲ್ಪಿತ ವ್ಯಕ್ತಿಗಳ ಸ್ಥಿತಿ ಓದಿಹೇಳುತ್ತಾರೆ: ಇಂಥವರಿಗೆ ಇಷ್ಟು ದೂರ ನಡೆದರೆ ಏದುಸಿರು, ಇವರ ತೊಂದರೆ ಎಷ್ಟು ದೊಡ್ಡದು ಅನ್ನುತ್ತೀರಿ? ಆಮೇಲೆ ನಿಮ್ಮದು? ಕಲ್ಪಿತ ವ್ಯಕ್ತಿಯ ಸ್ಥಿತಿ ಎಲ್ಲರಿಗೂ ಒಂದೇ ಆದ್ದರಿಂದ ಉತ್ತರಿಸುವವರ ಅಳತೆಗೋಲು ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಹೊರಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆರು ರಾಜ್ಯಗಳಲ್ಲಿ ಇಂಥ ಸಮೀಕ್ಷೆ ನಡೆಸಿದಾಗ ಕರ್ನಾಟಕವೂ ಅವುಗಳಲ್ಲೊಂದಾಗಿತ್ತು.

ರೋಗಿಯ ಮಾತಿಗೆ ಬೆಲೆ ಕೊಡಿ ಎಂದಾಗಲೆಲ್ಲ ಕಿವಿ ನಿಮಿರಿಸುವವರು ಇನ್ನೊಬ್ಬರಿದ್ದಾರೆ: ಜಾತ್ರೆಯಲ್ಲಿ ಮಂಡಿನೋವಿನ ಎಣ್ಣೆ ಮಾರುವವರು. ‘ವಾಸಿಯಾಯಿತು ಎಂದು ರೋಗಿಯೇ ಹೇಳುತ್ತಾರಲ್ಲ, ನೋಡಿ ವಿಡಿಯೊ!’ ಮಂಡಿನೋವು ಏರಿಳಿಯುವ ನೋವು. ತೀರಾ ಹೆಚ್ಚಾದಾಗ ಜನ ಎಣ್ಣೆ ಕೊಳ್ಳುತ್ತಾರೆ; ಆಮೇಲೆ ಅದು ಹೇಗೂ ಕೊಂಚ ಇಳಿಯುವ ಕಾಲ. ಗುಣ ಕಾಣದವರು ವಿಡಿಯೊ ಮಾಡಿಸಿಕೊಳ್ಳಲು ಮರಳಿ ಬರುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2009ರಿಂದ ಇಂಗ್ಲೆಂಡಿನಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ: ಸೊಂಟ ಮತ್ತು ಮೊಣಕಾಲಿನ ಕೀಲು ಬದಲಾವಣೆಗೆ ಬಂದವರನ್ನೆಲ್ಲ ಶಸ್ತ್ರಚಿಕಿತ್ಸೆಗೆ ಮುನ್ನ ಒಮ್ಮೆ, ತಿಂಗಳುಗಳ ನಂತರ ಇನ್ನೊಮ್ಮೆ ಅವವೇ ಪ್ರಶ್ನೆಗಳನ್ನು ಕೇಳುವುದು. ಮೊಣಕಾಲಿಗೆ 12 ಪ್ರಶ್ನೆ, 48 ಅಂಕ. ಸುಧಾರಿಸದವರೂ ಲೆಕ್ಕದಲ್ಲಿರುತ್ತಾರೆ. ಕಾಡ್‌ಮನ್ ಕೇಳಿದ್ದೂ ಇದನ್ನೇ.

ಸುಮ್ಮನೆ ಕೇಳಿದ್ದರಿಂದ ಏನಾಗುತ್ತದೆ ಎನ್ನುವವರು ಈಥನ್ ಬಾಷ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗವನ್ನು ನೋಡಬೇಕು. ದೇಹದಲ್ಲಿ ಹರಡಿದ ಕ್ಯಾನ್ಸರಿಗೆ ಕೀಮೊಥೆರಪಿ ಪಡೆಯುತ್ತಿದ್ದ 766 ಮಂದಿಯಲ್ಲಿ ಒಂದು ಗುಂಪಿನವರು ವಾಕರಿಕೆ, ನೋವು, ಸುಸ್ತುಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು. ಹೆಚ್ಚಾದರೆ ನರ್ಸಿಗೆ ಸಂದೇಶ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನ ಮಧ್ಯಾಂಕ ಆಯುಸ್ಸು 31.2 ತಿಂಗಳು, ಎರಡನೆಯದರದು 26. ನಮ್ಮ ಹಳ್ಳಿಯವರಿಗೆ ಇದೆಲ್ಲ ಬರುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಯೋಗದಲ್ಲಿ ಹಿಂದೆ ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದವರೂ ಇದ್ದರು. ಬಹುತೇಕ ಲೆಕ್ಕಗಳಲ್ಲಿ ಹೆಚ್ಚು ಪ್ರಯೋಜನವಾದದ್ದು ಅವರಿಗೇ.