ಗೇಮ್ ಸರ್ವರ್ ಕೊಳ್ಳುವ ಮೊದಲು ಮನೆಯ ಲೈನ್ ನೋಡಿ

ಶಾಲೆಗೆ ರಜೆ ಬಿತ್ತು ಅಂದರೆ ಮುಲುಂಡ್, ಡೊಂಬಿವಿಲಿ, ವಾಶಿ ಕಡೆಯ ಕನ್ನಡದ ಮನೆಗಳಿಂದ ನನಗೆ ಒಂದೇ ತರಹದ ಫೋನ್ ಬರುತ್ತದೆ. ಮಗ ಮುಂಬೈಯಲ್ಲಿ, ಚಿಕ್ಕಮ್ಮನ ಮಕ್ಕಳು ಉಡುಪಿಯಲ್ಲಿ, ಮಾವನ ಮಗಳು ಹುಬ್ಬಳ್ಳಿಯಲ್ಲಿ. ಎಲ್ಲರೂ ಒಟ್ಟಿಗೆ ಮೈನ್‌ಕ್ರಾಫ್ಟ್ (ಕಲ್ಲು ಒಡೆದು ಮನೆ, ಊರು ಕಟ್ಟುವ ಕಂಪ್ಯೂಟರ್ ಆಟ) ಆಡಬೇಕು. ಅದಕ್ಕೆ ಎಲ್ಲರೂ ಬಂದು ಸೇರುವ ಒಂದು ಕಂಪ್ಯೂಟರ್, ಅಂದರೆ ಸರ್ವರ್, ಮನೆಯಲ್ಲಿ ಇಡಬೇಕು. "ಸರ್ವರ್‌ಗೆ ಗ್ರಾಫಿಕ್ಸ್ ಕಾರ್ಡ್ ಎಷ್ಟರದ್ದು ಹಾಕಿಸೋಣ ಸರ್?" ಅಂತ ಅಪ್ಪಂದಿರು ಕೇಳುತ್ತಾರೆ.

ಕಾರ್ಡೇ ಬೇಡ. ಚಿತ್ರ ಮೂಡಿಸುವ ಕೆಲಸ ಆಡುವವರ ಫೋನು, ಲ್ಯಾಪ್‌ಟಾಪ್‌ಗಳದ್ದು. ಸರ್ವರ್ ಲೆಕ್ಕ ಇಟ್ಟರೆ ಸಾಕು: ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಲ್ಲು ಒಡೆಯಿತು, ಯಾರ ಪೆಟ್ಟಿಗೆಯಲ್ಲಿ ಏನಿದೆ. ಇದಕ್ಕೆ ಹಳೆಯ ಆಫೀಸ್ ಕಂಪ್ಯೂಟರ್ ಧಾರಾಳ ಸಾಕು. ಕಷ್ಟ ಬರುವುದು ಮೆಷಿನ್‌ನಿಂದಲ್ಲ, ಇಂಟರ್ನೆಟ್ ಲೈನ್‌ನಿಂದ. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಲೈನ್ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ರೌಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ನ ಹೊರಗಿನ ಕಡೆಯ ವಿಳಾಸ) ಅಂತ ಇರುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆದು, ಅಲ್ಲಿರುವ ಐಪಿವಿ4 ವಿಳಾಸ (ನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳದ್ದು) ನೋಡಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯದು. ರೌಟರ್‌ನಲ್ಲಿ 100.64ರಿಂದ 100.127ರವರೆಗಿನ ನಂಬರ್ ಕಂಡರೆ ನೀವು ಸಿಜಿನ್ಯಾಟ್ ಒಳಗಿದ್ದೀರಿ. ಅಂದರೆ ಕಂಪನಿ ಒಂದೇ ಹೊರಗಿನ ವಿಳಾಸವನ್ನು ತುಂಬಾ ಗಿರಾಕಿಗಳಿಗೆ ಹಂಚಿದೆ. ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಹಂತಕ್ಕೆ ಬಂತು. ಈ 100.64ರ ಸಾಲನ್ನು ಇಂಥ ಹಂಚಿಕೆಗೆಂದೇ 2012ರಲ್ಲಿ ತೆಗೆದಿಟ್ಟರು.

ಸೊಸೈಟಿ ಗೇಟಿನ ವಾಚ್‌ಮನ್‌ಗೆ "ನನ್ನ ಪಾರ್ಸಲ್ ಬಂದರೆ ಮೇಲೆ ಕಳಿಸು" ಅಂತ ಹೇಳಿಡುತ್ತೀರಲ್ವಾ, ಹೊರಗಿನವರು ಸರ್ವರ್‌ಗೆ ಬರಲೆಂದು ರೌಟರ್‌ನಲ್ಲಿ ಮಾಡುವ ಪೋರ್ಟ್ ಫಾರ್ವರ್ಡ್ ಅಂದರೆ ಅಷ್ಟೇ. ಸಿಜಿನ್ಯಾಟ್‌ನಲ್ಲಿ ರಸ್ತೆ ಕಡೆ ಇನ್ನೊಂದು ಗೇಟು ಇರುತ್ತದೆ, ಅಲ್ಲಿನ ವಾಚ್‌ಮನ್ ನಿಮ್ಮ ಮಾತು ಕೇಳುವವನಲ್ಲ. ಮಕ್ಕಳು ರಾತ್ರಿಯಿಡೀ ರೌಟರ್‌ನಲ್ಲಿ ಮೈನ್‌ಕ್ರಾಫ್ಟ್‌ನ 25565 ಪೋರ್ಟ್ ತೆರೆದು ಮುಚ್ಚಿ ಮಾಡಿದರೂ ಹೊರಗಿನವರು ಒಳಗೆ ಬರುವುದಿಲ್ಲ. ರೌಟರ್‌ನಲ್ಲಿ 192.168 ಕಂಡರೆ ಅದು ಬೇರೆ ಸಂಗತಿ. ಫೈಬರ್ ಪೆಟ್ಟಿಗೆಯೂ ರೌಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಲೈನ್ ಮಾತ್ರ ದಾಟಿಸುವಂತೆ) ಹಾಕಿಸಿ, ಇನ್ನೊಮ್ಮೆ ನೋಡಿ.

ಸಿಜಿನ್ಯಾಟ್ ಇದ್ದರೆ ದಾರಿ ಎರಡು. ಆಪರೇಟರ್ ಹತ್ತಿರ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಸೇರಿದ, ಬದಲಾಗದ ವಿಳಾಸ) ಕೇಳುವುದು ಒಂದು, ಇದಕ್ಕೆ ಬೇರೆ ದುಡ್ಡು. ಮನೆಯವರೇ ಆಡುವುದಾದರೆ ನಾನು ಹೇಳುವುದು ಇನ್ನೊಂದನ್ನು: ಟೇಲ್‌ಸ್ಕೇಲ್, ಅಂದರೆ ಬೇರೆ ಬೇರೆ ಊರಿನ ಮೆಷಿನ್‌ಗಳನ್ನು ಒಂದೇ ಮನೆಯ ನೆಟ್‌ವರ್ಕ್‌ನಂತೆ ಜೋಡಿಸುವ ಆ್ಯಪ್. ಮನೆ ಬಳಕೆಗೆ ಉಚಿತ ಪ್ಲಾನ್ ಇದೆ. ಆಡುವ ಪ್ರತಿಯೊಬ್ಬರೂ ಆ್ಯಪ್ ಹಾಕಿಕೊಳ್ಳಬೇಕು, ಅದೊಂದೇ ತೊಂದರೆ. ಎರಡೂ ಕಡೆ ಗೇಟು ಬಿಗಿಯಾಗಿದ್ದರೆ ಸಂಪರ್ಕ ಮಧ್ಯದ ರಿಲೇ ಮೂಲಕ ಹೋಗುತ್ತದೆ, ಪಿಂಗ್ (ಸಂದೇಶ ಹೋಗಿ ಬರುವ ಸಮಯ) ಸ್ವಲ್ಪ ಏರುತ್ತದೆ. ಮನೆ ಕಟ್ಟುವ ಆಟಕ್ಕೆ ಅದರಿಂದ ಏನೂ ಆಗಲ್ಲ. ಗುಂಡು ಹೊಡೆಯುವ ಆಟಕ್ಕೆ ಗೊತ್ತಾಗುತ್ತದೆ.

ಲೈನ್ ಸರಿಯಾದ ಮೇಲೆ ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ. ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಮೆಷಿನ್ ಅಲ್ಲಿ ಸಿಗುತ್ತವೆ. ಅಂಗಡಿಯವರು ಹಳೆಯ ಝಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇರುವ ಸರ್ವರ್ ತೋರಿಸಿ "ಹದಿನಾರು ಕೋರ್ ಇದೆ" ಅಂದರೆ ದಯವಿಟ್ಟು ಬೇಡ ಅನ್ನಿ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಸಲ ತನ್ನ ಲೋಕದ ಲೆಕ್ಕ ಮಾಡುತ್ತದೆ. ಒಂದು ಸಲಕ್ಕೆ 50 ಮಿಲಿಸೆಕೆಂಡ್ ಸಮಯ. ಆ ಕೆಲಸದ ಬಹುಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್‌ನ ವೇಗ ಮುಖ್ಯ. ಆ ದೊಡ್ಡ ಸರ್ವರ್‌ನ ಫ್ಯಾನ್ ಸದ್ದಿಗೆ ಒನ್ ಬಿಎಚ್‌ಕೆಯಲ್ಲಿ ಯಾರೂ ನಿದ್ದೆ ಮಾಡಲಾರರು.

ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಎಲೀಟ್‌ಡೆಸ್ಕ್, ಈ ಮೂರರಲ್ಲಿ ಎಂಟನೇ ಪೀಳಿಗೆಯ ಐ5 ಇರುವುದು ಹುಡುಕಿ. ಪುಸ್ತಕದಷ್ಟು ಗಾತ್ರದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಐ5 8500ಟಿ ಇರುತ್ತದೆ, ಅದು 3.5 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಸ್ವಲ್ಪ ದೊಡ್ಡ ಪೆಟ್ಟಿಗೆಯ 8500, 4.1ರವರೆಗೆ. ಜಾಗ ಇದ್ದರೆ ದೊಡ್ಡದೇ ತಗೊಳ್ಳಿ. ರ‍್ಯಾಮ್ 16 ಜಿಬಿ ಇರಲಿ. ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಬೇಕು. ಒಟ್ಟು ಹದಿನೈದು ಸಾವಿರದ ಆಸುಪಾಸು ಮಿತಿ ಇಟ್ಟುಕೊಂಡು ಮಾತಾಡಿ.

ಅಂಗಡಿಯಲ್ಲೇ ಬಯೋಸ್ (ಮೆಷಿನ್ ಆನ್ ಆಗುವಾಗ ಮೊದಲು ಓಡುವ ಸೆಟ್ಟಿಂಗ್ಸ್) ತೆರೆಸಿ ನೋಡಿ. ಆಫೀಸ್ ಮೆಷಿನ್‌ಗಳಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ. ಅದು ತೆಗೆಯದೇ ಹೋದರೆ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಲು ಆಗುವುದಿಲ್ಲ. ಒಳಗಿನ ಸಿಆರ್2032 ಬ್ಯಾಟರಿ ಅಲ್ಲೇ ಹೊಸದು ಹಾಕಿಸಿ. ಅದು ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಗಡಿಯಾರ ತಪ್ಪುತ್ತದೆ, ಗಡಿಯಾರ ತಪ್ಪಿದರೆ ಆಟದ ಲಾಗಿನ್ ಕೂಡ ಕೈಕೊಡುತ್ತದೆ. ಜನ ಇದನ್ನು ಸಾಫ್ಟ್‌ವೇರ್ ದೋಷ ಅಂತ ದಿನಗಟ್ಟಲೆ ಹುಡುಕುತ್ತಾರೆ.

ಕರೆಂಟ್ ಬಿಲ್‌ನ ಭಯ ಸುಮ್ನೆ. ಸರಾಸರಿ 20 ವ್ಯಾಟ್ ಎಳೆಯುವ ಪುಟ್ಟ ಪೆಟ್ಟಿಗೆ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 14.4 ಯೂನಿಟ್. 80 ವ್ಯಾಟ್ ಎಳೆಯುವ ಹಳೆಯ ಗೇಮಿಂಗ್ ಪಿಸಿಯಾದರೆ 57.6.

ಉಬುಂಟು ಸರ್ವರ್ (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಅದರ ಮೇಲೆ ಪೇಪರ್ ಎಂಬ ಮೈನ್‌ಕ್ರಾಫ್ಟ್ ಸರ್ವರ್ ಸಾಫ್ಟ್‌ವೇರ್ ಓಡಿಸಿ. ಅದು ಓಡುವ ಜಾವಾಗೆ 6 ಜಿಬಿ ರ‍್ಯಾಮ್ ಕೊಟ್ಟರೆ ಏಳೆಂಟು ಮಕ್ಕಳಿಗೆ ಸಾಕು. ಇರುವ ರ‍್ಯಾಮ್ ಎಲ್ಲಾ ಅದಕ್ಕೇ ಕೊಟ್ಟರೆ ವೇಗ ಜಾಸ್ತಿ ಆಗುವುದಿಲ್ಲ. ಊರಿನ ಮಕ್ಕಳ ಹತ್ತಿರ ಫೋನ್ ಮಾತ್ರ ಇದ್ದರೆ ಗೀಸರ್ ಎಂಬ ಪ್ಲಗಿನ್ ಸೇರಿಸಿ. ಫೋನಿನ ಬೆಡ್‌ರಾಕ್ ಆಟದವರೂ ಕಂಪ್ಯೂಟರ್‌ನ ಜಾವಾ ಸರ್ವರ್‌ಗೆ ಬರಬಹುದು. ಇದಕ್ಕೆ 19132 ಯುಡಿಪಿ ಪೋರ್ಟ್ ಬೇಕು.

ಬಾಗಿಲು ತೆರೆದ ಮೇಲೆ ವೈಟ್‌ಲಿಸ್ಟ್ (ಒಳಗೆ ಬರಬಹುದಾದವರ ಹೆಸರಿನ ಪಟ್ಟಿ) ಹಾಕಲೇಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ಲೋಪ ಜಗತ್ತಿನ ಗಮನಕ್ಕೆ ಬಂದಾಗ ಮೊದಲಿಗೆ ಏಟು ತಿಂದವುಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರ್‌ಗಳೂ ಇದ್ದವು. ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು, ಸರ್ವರ್ ಪರರ ವಶ. ಮನೆ ಸರ್ವರ್ ಅಂತ ಅಪ್‌ಡೇಟ್ ಬಿಡಬೇಡಿ. ಆಟದ ಪೋರ್ಟ್ ಬಿಟ್ಟು ಬೇರೇನೂ ತೆರೆಯಬೇಡಿ.

ಬ್ಯಾಕಪ್ ವಿಷಯದಲ್ಲಿ ನಾನು ಹಠವಾದಿ. ತಿಂಗಳುಗಟ್ಟಲೆ ಕಟ್ಟಿದ ಊರು ಒಂದು ಫೋಲ್ಡರ್‌ನಲ್ಲಿ ಇರುತ್ತದೆ. ಆಟ ನಡೆಯುವಾಗ ಅದನ್ನು ಹಾಗೇ ಕಾಪಿ ಮಾಡಿದರೆ ಅರ್ಧಂಬರ್ಧ ಬರಬಹುದು. ಮೊದಲು ಸೇವ್ ಆಫ್, ಆಮೇಲೆ ಸೇವ್ ಆಲ್ ಫ್ಲಶ್, ನಂತರ ಕಾಪಿ, ಕೊನೆಗೆ ಸೇವ್ ಆನ್ ಕಮಾಂಡ್ ಕೊಡಿ. ದಿನಾ ಬೆಳಗಿನ ಜಾವ ಇದು ತಾನೇ ನಡೆಯುವಂತೆ ಮಾಡಿ, ಕಾಪಿ ಬೇರೆ ಡಿಸ್ಕ್‌ನಲ್ಲಿರಲಿ. ತಿಂಗಳಿಗೊಮ್ಮೆ ಆ ಕಾಪಿಯನ್ನು ಬೇರೆ ಮೆಷಿನ್‌ನಲ್ಲಿ ತೆರೆದು, ಮಕ್ಕಳು ಕಟ್ಟಿದ ಮನೆ ಜಾಗದಲ್ಲೇ ಇದೆಯಾ ಅಂತ ಅವರಿಂದಲೇ ನೋಡಿಸಿ.