ವಿಳಾಸವಿಲ್ಲದ ಫಂಕ್ಷನ್ನುಗಳು: ಲಿನಕ್ಸ್ ಕರ್ನೆಲ್ಲಿನಲ್ಲಿ ಸಿ ಮತ್ತು ರಸ್ಟ್ ಸೇರುವ ಜಾಗ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನಲ್ಲಿ ಇಸ್_ಎರ್ ಎಂಬ ಪುಟ್ಟ ಫಂಕ್ಷನ್ ಇದೆ. ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಹಿಡಿದ ಸಂಖ್ಯೆ, ಕೊಟ್ಟರೆ ಅದು ನಿಜವಾದ ವಿಳಾಸವೋ, ವಿಳಾಸದ ವೇಷ ಹಾಕಿಕೊಂಡು ಬಂದ ದೋಷಸಂಖ್ಯೆಯೋ ಎಂದು ಹೇಳುವುದಷ್ಟೇ ಅದರ ಕೆಲಸ. ವಿಳಾಸಗಳ ಸಾಲಿನ ತುತ್ತತುದಿಯಲ್ಲಿರುವ 4095 ಸಂಖ್ಯೆಗಳನ್ನು ಕರ್ನೆಲ್ ದೋಷಗಳಿಗೆಂದೇ ಎತ್ತಿಟ್ಟಿದೆ. ಮೆಮೊರಿ ಸಾಲದೆ ಹೋದರೆ ಮೈನಸ್ 12 ಎಂಬ ಸಂಖ್ಯೆ ಪಾಯಿಂಟರಿನ ರೂಪದಲ್ಲೇ ವಾಪಸು ಬರುತ್ತದೆ. ವಿಳಾಸವೆಂದು ಓದಿದರೆ ಅದು ಆ ತುದಿಯಲ್ಲೇ ಬೀಳುವುದರಿಂದ ಗುರುತಿಸಲು ಒಂದೇ ಒಂದು ಹೋಲಿಕೆ ಸಾಕು. ಆದರೆ ಇದೇ ಫಂಕ್ಷನ್ನನ್ನು ರಸ್ಟ್ ಭಾಷೆಯಿಂದ ನೇರವಾಗಿ ಕರೆಯಲು ಹೋಗಿ ನೋಡಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಕಂಪೈಲರ್ ಬಾಗಿಲು ಹಾಕಿಬಿಡುತ್ತದೆ.

ಸಿ ಭಾಷೆಯ ಸಾಮಾನ್ಯ ಫಂಕ್ಷನ್ ಒಂದು ಸಲ ಕಂಪೈಲ್ ಆಗಿ, ಯಂತ್ರಭಾಷೆಯ ಆಬ್ಜೆಕ್ಟ್ ಫೈಲಿನಲ್ಲಿ ತನ್ನದೇ ಹೆಸರು, ತನ್ನದೇ ಜಾಗ ಹಿಡಿದು ಕೂರುತ್ತದೆ. ಬೇರೆ ಫೈಲಿನವರು ಆ ಹೆಸರು ಹೇಳಿದರೆ ಲಿಂಕರ್ ಹುಡುಕಿ ಜೋಡಿಸುತ್ತದೆ. ಇಸ್_ಎರ್ ಹಾಗಲ್ಲ, ಅದು ಸ್ಟ್ಯಾಟಿಕ್ ಇನ್‌ಲೈನ್. ಹಲವು ಸಿ ಫೈಲುಗಳು ಹಂಚಿಕೊಳ್ಳುವ ಹೆಡರ್ ಫೈಲಿನಲ್ಲಿ ಬರೆದಿಟ್ಟ ಅದರ ಒಡಲನ್ನು ಕಂಪೈಲರ್ ಕರೆದ ಕಡೆಯಲ್ಲೆಲ್ಲ ಅಲ್ಲಲ್ಲೇ ಕಲಸಿಬಿಡುತ್ತದೆ. ಸಾರಿಗೂ ಪಲ್ಯಕ್ಕೂ ಹಾಕಿದ ಒಗ್ಗರಣೆಯಂತೆ: ಮನೆಯ ಎಲ್ಲ ಪಾತ್ರೆಗಳಲ್ಲೂ ಅದರ ಘಮವಿದೆ, ಆದರೆ ಪಕ್ಕದ ಮನೆಯವರು ಬಂದು ಒಂದು ಬಟ್ಟಲು ಒಗ್ಗರಣೆ ಕೊಡಿ ಎಂದರೆ ಬೇರೆಯಾಗಿ ತೆಗೆದುಕೊಡಲು ಏನೂ ಇಲ್ಲ.

2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1 ಆವೃತ್ತಿಯಿಂದ ಕರ್ನೆಲ್ಲಿನೊಳಗೆ ರಸ್ಟ್‌ಗೂ ಜಾಗ ಸಿಕ್ಕಿತು. ಮೂರು ದಶಕಗಳಿಂದ ಸಿ ಭಾಷೆಯಲ್ಲಿ ಬೆಳೆದ ಮನೆಗೆ ಹೊಸಬರು ಬಂದಾಗ ಹಳೆಯ ಫಂಕ್ಷನ್ನುಗಳ ಪರಿಚಯ ಮಾಡಿಕೊಡಬೇಕಲ್ಲ, ಅದಕ್ಕೆ ಬೈಂಡ್‌ಜೆನ್ ಎಂಬ ಸಲಕರಣೆ ಇದೆ. ಕ್ಲ್ಯಾಂಗ್ ಕಂಪೈಲರಿನ ಕಣ್ಣಿನಿಂದ ಹೆಡರ್ ಫೈಲುಗಳನ್ನು ಓದಿ, ಯಾವ ಸ್ಟ್ರಕ್ಟ್ ಎಷ್ಟು ಬೈಟಿನದು, ಯಾವ ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡುತ್ತದೆ ಎಂಬುದನ್ನೆಲ್ಲ ರಸ್ಟ್ ಘೋಷಣೆಗಳಾಗಿ ತಾನೇ ಬರೆದುಕೊಡುತ್ತದೆ. ಇನ್‌ಲೈನ್ ಫಂಕ್ಷನ್ ಎದುರಾದರೆ ಮಾತ್ರ ಸುಮ್ಮನೆ ದಾಟಿಹೋಗುತ್ತದೆ. ಘೋಷಿಸಿದರೂ ಕೊನೆಗೆ ಲಿಂಕರ್ ಹುಡುಕುವ ಹೆಸರು ಎಲ್ಲೂ ಇರುವುದಿಲ್ಲ. ಇನ್ನು ಕಂಪೈಲಿಗೆ ಮೊದಲೇ ಬೇರೆ ಪಠ್ಯವಾಗಿ ಬದಲಾಗಿಬಿಡುವ ಮ್ಯಾಕ್ರೋ ಎಂಬ ಹೆಸರುಗಳಿಗಂತೂ ಟೈಪ್ ಕೂಡ ಇಲ್ಲ.

ಕರ್ನೆಲ್ ಬಳಗ ಕಂಡುಕೊಂಡ ದಾರಿ ಸರಳವಾದದ್ದು. ಒಂದು ಸಿ ಫೈಲಿನಲ್ಲಿ ಇಂಥ ಪ್ರತಿಯೊಂದಕ್ಕೂ ರಸ್ಟ್_ಹೆಲ್ಪರ್_ ಎಂಬ ಮುಂಪದ ಹಚ್ಚಿದ ನಿಜವಾದ ಫಂಕ್ಷನ್ ಒಂದನ್ನು ಹೊದಿಕೆಯಾಗಿ ಬರೆದರು. ಅದರೊಳಗೆ ಒಂದೇ ಸಾಲು: ಮೂಲ ಫಂಕ್ಷನ್ನನ್ನು ಕರೆ, ಬಂದದ್ದನ್ನು ಹಿಂದಿರುಗಿಸು. ಒಗ್ಗರಣೆಗೊಂದು ಬಟ್ಟಲು ಸಿಕ್ಕಿತು! ಬೈಂಡಿಂಗ್, ಅಂದರೆ ಆ ರಸ್ಟ್ ಘೋಷಣೆಗಳು, ತಯಾರಾಗುವಾಗ ಆ ಮುಂಪದ ಕಣ್ಮರೆಯಾಗುತ್ತದೆ, ರಸ್ಟ್ ಬರೆಯುವವರಿಗೆ ಹಳೆಯ ಹೆಸರೇ ಕಾಣುತ್ತದೆ. ಸ್ಪಿನ್‌ಲಾಕ್ (ಒಂದು ಬಗೆಯ ಬೀಗ), ರೆಫ್‌ಕೌಂಟ್ (ಒಂದು ವಸ್ತುವನ್ನು ಎಷ್ಟು ಕಡೆ ಬಳಸುತ್ತಿದ್ದಾರೆಂಬ ಎಣಿಕೆ), ಪೇಜ್ (ಮೆಮೊರಿಯ ತುಂಡು) ಎಂದು ಪಟ್ಟಿ ಬೆಳೆದು, 2024ರಲ್ಲಿ ಆ ಒಂದು ಫೈಲನ್ನು ವಿಷಯವಾರು ಒಡೆದು ಇಡೀ ಡೈರೆಕ್ಟರಿಯನ್ನೇ ಮಾಡಬೇಕಾಯಿತು.

ಈ ಒಂದೊಂದು ಸಾಲನ್ನು ಕೈಯಿಂದಲೇ ಏಕೆ ಬರೆಯಬೇಕು? 2023ರಲ್ಲಿ ಬೈಂಡ್‌ಜೆನ್ 0.64 ಆವೃತ್ತಿ ಇದಕ್ಕೊಂದು ಪ್ರಾಯೋಗಿಕ ಸೌಲಭ್ಯ ತಂದಿತು. ಹೆಡರಿನಲ್ಲಿ ಸ್ಟ್ಯಾಟಿಕ್ ಫಂಕ್ಷನ್ ಕಂಡರೆ ಹೊದಿಕೆಯ ಸಿ ಫೈಲನ್ನೂ ಅದೇ ಬರೆಯುತ್ತದೆ, ಅದಕ್ಕೆ ತಕ್ಕ ರಸ್ಟ್ ಘೋಷಣೆಯನ್ನೂ ಬರೆಯುತ್ತದೆ. ನನಗೆ ಇದು ತುಂಬ ಇಷ್ಟವಾಗುವುದು ಒಂದೇ ಕಾರಣಕ್ಕೆ. ಹೆಡರ್ ಬದಲಾದರೆ ಹೊದಿಕೆಯೂ ತಾನಾಗಿ ಬದಲಾಗುತ್ತದೆ, ಒಂದೇ ಮಾತನ್ನು ಎರಡು ಕಡೆ ಬರೆದಿಟ್ಟು ಕಾಯುವ ಕೆಲಸ ತಪ್ಪುತ್ತದೆ. ಆದರೆ ಕರ್ನೆಲ್ಲಿನ ಹೆಸರುಗಳು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಬೀಗ ಹಾಕುವ ಮ್ಯೂಟೆಕ್ಸ್_ಲಾಕ್ ಸಾಮಾನ್ಯವಾಗಿ ನಿಜವಾದ ಫಂಕ್ಷನ್. ಬೀಗಗಳ ತಪಾಸಣೆಯ ಸೆಟ್ಟಿಂಗ್ ಹಾಕಿ ಕಟ್ಟಿದರೆ ಅದೇ ಹೆಸರು ಮ್ಯಾಕ್ರೋ ಆಗಿಬಿಡುತ್ತದೆ. ಮ್ಯಾಕ್ರೋ ಆದದ್ದು ಈ ಸೌಲಭ್ಯದ ಕಣ್ಣಿಗೆ ಬೀಳದು. ಕೈಯಲ್ಲಿ ಬರೆದ ಹೊದಿಕೆಯನ್ನು ಸಿ ಕಂಪೈಲರೇ ಓದುವುದರಿಂದ ಎರಡೂ ಸಂದರ್ಭದಲ್ಲಿ ಅದು ನಡೆಯುತ್ತದೆ.

ಹೊದಿಕೆಯನ್ನು ಯಾರೇ ಬರೆಯಲಿ, ಅದಕ್ಕೊಂದು ಬೆಲೆಯಿದೆ. ಕರೆಯ ಖರ್ಚು ಉಳಿಸಲೆಂದೇ ಇನ್‌ಲೈನ್ ಮಾಡಿದ ಫಂಕ್ಷನ್‌ಗೆ ಮತ್ತೆ ಕರೆಯ ಖರ್ಚು ಅಂಟಿಕೊಳ್ಳುತ್ತದೆ. ರೆಫ್‌ಕೌಂಟ್ ಒಂದು ಹೆಚ್ಚಿಸುವುದು ಬೆರಳೆಣಿಕೆಯ ಸೂಚನೆಗಳ ಕೆಲಸ. ಅಷ್ಟಕ್ಕೆ ಹೋಗಿ ಬರುವ ದಾರಿಯೇ ದೊಡ್ಡದಾಗುತ್ತದೆ. ಇದಕ್ಕೊಂದು ಸೊಗಸಾದ ಪರಿಹಾರವಿದೆ. ಕ್ಲ್ಯಾಂಗ್ ಮತ್ತು ರಸ್ಟ್ ಕಂಪೈಲರ್ ಎರಡರ ಬೆನ್ನಿಗೂ ಇರುವುದು ಯಂತ್ರಭಾಷೆ ತಯಾರಿಸುವ ಎಲ್‌ಎಲ್‌ವಿಎಂ ಎಂಬ ಒಂದೇ ಸಲಕರಣೆ. ಹೊದಿಕೆಗಳನ್ನು ಯಂತ್ರಭಾಷೆಗೆ ಇಳಿಸದೆ ಎಲ್‌ಎಲ್‌ವಿಎಂನ ನಡುಭಾಷೆಯಲ್ಲೇ ನಿಲ್ಲಿಸಿ ರಸ್ಟ್ ಕೋಡಿನ ಜೊತೆ ಬೆರೆಸಿದರೆ, ಹೊದಿಕೆ ಕರಗಿ ಮೂಲ ಫಂಕ್ಷನ್ ರಸ್ಟ್ ಕೋಡಿನೊಳಗೇ ಇಳಿಯುತ್ತದೆ. ಎರಡೂ ಕಂಪೈಲರುಗಳ ಎಲ್‌ಎಲ್‌ವಿಎಂ ಆವೃತ್ತಿ ಹೊಂದಬೇಕು, ಜಿಸಿಸಿ ಎಂಬ ಬೇರೆ ಸಿ ಕಂಪೈಲರಿನಿಂದ ಕಟ್ಟುವವರಿಗೆ ಈ ದಾರಿ ತೆರೆದಿಲ್ಲ.

ಇಷ್ಟೆಲ್ಲ ಆದರೂ ಯಂತ್ರ ದಾಟಿಸುವುದು ಟೈಪುಗಳನ್ನು ಮಾತ್ರ. ಇಸ್_ಎರ್ ರಸ್ಟ್‌ಗೆ ಬರುವುದು 'ಅನ್‌ಸೇಫ್' ಎಂಬ ಹಣೆಪಟ್ಟಿಯೊಂದಿಗೆ, ಅಂದರೆ ಸುರಕ್ಷತೆಯ ಹೊಣೆ ಕರೆಯುವವರದೇ. ಸಿ ಕೋಡಿನಲ್ಲಿ ಅದನ್ನು ಕರೆಯಲು ಮರೆತರೆ ದೋಷಸಂಖ್ಯೆಯನ್ನೇ ವಿಳಾಸವೆಂದು ನಂಬಿ ಕರ್ನೆಲ್ ಮುಗ್ಗರಿಸುತ್ತದೆ. ರಸ್ಟ್ ಬದಿಯಲ್ಲಿ ಯಾರೋ ಕೂತು, ಫ್ರಮ್_ಎರ್_ಪಿಟಿಆರ್ ಎಂಬ ಹತ್ತಾರು ಸಾಲಿನ ಫಂಕ್ಷನ್ ಬರೆದು, ಏಕೆ ಇದು ಸುರಕ್ಷಿತ ಎಂದು ಪಕ್ಕದಲ್ಲೇ ಟಿಪ್ಪಣಿ ಹಾಕಿದ್ದಾರೆ. ಅದು ಪಾಯಿಂಟರನ್ನು 'ರಿಸಲ್ಟ್' ಎಂಬ ಪೆಟ್ಟಿಗೆಯಲ್ಲಿಟ್ಟು ಕೊಡುತ್ತದೆ. ಪೆಟ್ಟಿಗೆ ತೆರೆಯದೆ ಪಾಯಿಂಟರ್ ಕೈಗೆ ಸಿಗದು. ಡ್ರೈವರ್ ಬರೆಯುವವರು ಸಾಲಿನ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ಮೈನಸ್ 12 ಬಂದಿದ್ದರೆ ಫಂಕ್ಷನ್ ಅಲ್ಲಿಂದಲೇ ಹಿಂದಿರುಗುತ್ತದೆ.